ಫ್ಲಟರ್ ಪ್ರಾಜೆಕ್ಟಿನಲ್ಲಿ ಜನರೇಟೆಡ್ ಫೈಲುಗಳನ್ನು ಸಂಭಾಳಿಸುವುದು: ಹಂತ ಹಂತವಾಗಿ

ಒಂದು ಶುಕ್ರವಾರ ಸಂಜೆ, ಇನ್ನೇನು ಲ್ಯಾಪ್‌ಟಾಪ್ ಮುಚ್ಚಬೇಕು ಅನ್ನುವಾಗ ಮೇನ್ ಬ್ರಾಂಚನ್ನು ನನ್ನ ಬ್ರಾಂಚಿಗೆ ಮರ್ಜ್ ಮಾಡಿದೆ. 41 ಫೈಲುಗಳಲ್ಲಿ ಕಾನ್‌ಫ್ಲಿಕ್ಟ್. ಅದರಲ್ಲಿ ಮನುಷ್ಯರು ಬರೆದಿದ್ದು ಮೂರೇ ಮೂರು. ಉಳಿದ 38 ಫೈಲುಗಳ ಹೆಸರಿನ ಕೊನೆಯಲ್ಲಿ .ಜಿ.ಡಾರ್ಟ್ ಅಥವಾ .ಫ್ರೀಜ್ಡ್.ಡಾರ್ಟ್ ಇತ್ತು, ಅಂದರೆ ಜನರೇಟರ್ ಅನ್ನುವ ಟೂಲ್ ನಮ್ಮ ಕೋಡ್ ಓದಿ ತಾನೇ ಬರೆದುಕೊಟ್ಟವು. ನಾನು ಮಹಾ ಶ್ರದ್ಧೆಯಿಂದ ಒಂದೊಂದೇ ಫೈಲ್ ತೆರೆದು, ಎಡಗಡೆಯದು ಸರಿಯೋ ಬಲಗಡೆಯದು ಸರಿಯೋ ಅಂತ ನೋಡುತ್ತಾ ಎರಡು ಗಂಟೆ ಕೂತೆ. ಆಮೇಲೆ ಜನರೇಟರ್ ಓಡಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ, ಅದು 38 ಫೈಲುಗಳನ್ನೂ ಅಳಿಸಿ ಹೊಸದಾಗಿ ಬರೆದುಬಿಟ್ಟಿತು. ಎರಡು ಗಂಟೆಯ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಅವತ್ತು ನಾನು ಕೇಳಿಕೊಳ್ಳದೇ ಇದ್ದ ಪ್ರಶ್ನೆ ಒಂದೇ: ಈ ಫೈಲಿನ ಯಜಮಾನ ಯಾರು? ನಾನಾ, ಜನರೇಟರಾ, ಅಥವಾ ನನ್ನ ಕಂಪ್ಯೂಟರಾ? ಈ ಉತ್ತರ ಗೊತ್ತಿದ್ದರೆ ಕಮಿಟ್ ಮಾಡಬೇಕಾ ಬೇಡವಾ, ಕಾನ್‌ಫ್ಲಿಕ್ಟ್ ಬಂದರೆ ಏನು ಮಾಡಬೇಕು, ಸಿಐನಲ್ಲಿ (ಕೋಡ್ ಕಳಿಸಿದಾಗಲೆಲ್ಲ ತಾನಾಗಿ ಓಡುವ ತಪಾಸಣೆ) ಏನು ಚೆಕ್ ಮಾಡಬೇಕು ಎಲ್ಲವೂ ತಾನಾಗಿ ತೀರ್ಮಾನವಾಗುತ್ತದೆ.

ಒಂದು ಮಾತು. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನ ಹಾಗೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

ಹಂತ 1: ಯಜಮಾನ ಯಾರು ಅಂತ ಗುರುತಿಸಿ

ಫ್ಲಟರ್ (ಡಾರ್ಟ್ ಭಾಷೆಯಲ್ಲಿ ಆ್ಯಪ್ ಕಟ್ಟುವ ಟೂಲ್‌ಕಿಟ್) ಪ್ರಾಜೆಕ್ಟಿನಲ್ಲಿ ಯಂತ್ರ ಬರೆದ ಫೈಲುಗಳು ಎಲ್ಲ ಒಂದೇ ಜಾತಿಯವಲ್ಲ. ಎಲ್ಲವನ್ನೂ ಒಂದೇ ಗೂಡಿಗೆ ತುಂಬಿದರೆ ಅಲ್ಲಿಂದಲೇ ತಲೆಬಿಸಿ ಶುರು.

ಮೊದಲನೆಯ ಗುಂಪು, ನಿಮ್ಮ ಕಂಪ್ಯೂಟರಿಗೆ ಮಾತ್ರ ಸೇರಿದ್ದು. ಐಓಎಸ್ ಫೋಲ್ಡರಿನ ಜನರೇಟೆಡ್.ಎಕ್ಸ್‌ಸಿಕಾನ್ಫಿಗ್ ತೆರೆದು ನೋಡಿ. ಫ್ಲಟರ್ ಎಸ್‌ಡಿಕೆ ನಿಮ್ಮ ಡಿಸ್ಕಿನಲ್ಲಿ ಎಲ್ಲಿದೆ ಅನ್ನುವ ಪೂರ್ತಿ ಪಾತ್ ಅದರೊಳಗೆ ಇರುತ್ತದೆ. ಆಂಡ್ರಾಯ್ಡ್ ಕಡೆ ಲೋಕಲ್.ಪ್ರಾಪರ್ಟೀಸ್ ಕೂಡ ಹಾಗೆಯೇ. .ಡಾರ್ಟ್_ಟೂಲ್ ಫೋಲ್ಡರ್, ಬಿಲ್ಡ್ ಫೋಲ್ಡರ್, .ಫ್ಲಟರ್-ಪ್ಲಗಿನ್ಸ್-ಡಿಪೆಂಡೆನ್ಸೀಸ್ ಇವೂ ಇದೇ ಗುಂಪು. ಇವನ್ನು ಕಮಿಟ್ ಮಾಡಿದರೆ ಪಕ್ಕದವರ ಬಿಲ್ಡ್ ಕೆಡುತ್ತದೆ. ಹೊಸ ಪ್ರಾಜೆಕ್ಟ್ ಮಾಡುವ ಫ್ಲಟರ್ ಕ್ರಿಯೇಟ್ ಕಮಾಂಡ್ ಕೊಡುವ, ಗಿಟ್ ಕಡೆಗಣಿಸಬೇಕಾದ ಫೈಲುಗಳ ಪಟ್ಟಿಯಾದ .ಗಿಟ್‌ಇಗ್ನೋರ್‌ನಲ್ಲಿ ಇವೆಲ್ಲ ಮೊದಲೇ ಇವೆ. ಅದನ್ನು ಅಳಿಸಿ ನಿಮ್ಮದೇ ಒಂದನ್ನು ಬರೆಯುವ ಸಾಹಸ ಬೇಡ.

ಎರಡನೆಯ ಗುಂಪು, ರೆಪೊದಲ್ಲಿ ಇರುವುದರಿಂದಲೇ ಯಾವಾಗ ಬೇಕಾದರೂ ಮತ್ತೆ ಹುಟ್ಟಿಸಬಹುದಾದದ್ದು. ಜೇಸನ್_ಸೀರಿಯಲೈಸಬಲ್, ರಿವರ್‌ಪಾಡ್_ಜನರೇಟರ್, ಡ್ರಿಫ್ಟ್ ಬರೆಯುವ .ಜಿ.ಡಾರ್ಟ್, ಫ್ರೀಜ್ಡ್ ಬರೆಯುವ .ಫ್ರೀಜ್ಡ್.ಡಾರ್ಟ್, ಆಟೋ_ರೂಟ್‌ನ .ಜಿಆರ್.ಡಾರ್ಟ್, ಇಂಜೆಕ್ಟಬಲ್‌ನ .ಕಾನ್ಫಿಗ್.ಡಾರ್ಟ್, ಮಾಕಿಟೋದ .ಮಾಕ್ಸ್.ಡಾರ್ಟ್. ಇವುಗಳ ಯಜಮಾನ ಜನರೇಟರ್. ಈ ಲೇಖನದ ಬಹುಪಾಲು ಮಾತು ಇವುಗಳ ಬಗ್ಗೆಯೇ.

ಮೂರನೆಯದು, ಒಂದು ಸಲ ಯಂತ್ರ ಬರೆದುಕೊಟ್ಟು ಆಮೇಲೆ ನಿಮಗೆ ಬಿಟ್ಟದ್ದು. ಆಂಡ್ರಾಯ್ಡ್‌ಮ್ಯಾನಿಫೆಸ್ಟ್, ಇನ್ಫೋ.ಪಿಲಿಸ್ಟ್, ಆ್ಯಪ್‌ಡೆಲಿಗೇಟ್, ಮೇನ್‌ಆ್ಯಕ್ಟಿವಿಟಿ. ಇವು ಹುಟ್ಟಿದ್ದು ಫ್ಲಟರ್ ಕ್ರಿಯೇಟ್‌ನಿಂದ, ಆದರೆ ಈಗ ಯಜಮಾನರು ನೀವೇ. ಐಕಾನ್ ಮತ್ತು ಸ್ಪ್ಲಾಶ್ ಸ್ಕ್ರೀನ್ ಮಾಡುವ ಟೂಲ್‌ಗಳು ಇಡುವ ಚಿತ್ರಗಳೂ ಹೀಗೇ. ಬಿಲ್ಡ್ ಆಗುವಾಗ ಅವನ್ನು ಯಾರೂ ಮತ್ತೆ ಮಾಡುವುದಿಲ್ಲ, ಹಾಗಾಗಿ ಕಮಿಟ್ ಮಾಡಲೇಬೇಕು.

ನಾಲ್ಕನೆಯದನ್ನು ಜಾಸ್ತಿ ಜನ ಗಮನಿಸುವುದಿಲ್ಲ: ಯಂತ್ರವೇ ಬರೆದದ್ದು, ಆದರೆ ಮತ್ತೆ ಹುಟ್ಟಿಸಲು ಆಗದ್ದು. ಡ್ರಿಫ್ಟ್ ಡೇಟಾಬೇಸ್ ಬಳಸುವವರು ಪ್ರತಿ ಆವೃತ್ತಿಯ ಸ್ಕೀಮಾವನ್ನು ಒಂದು ಜೇಸನ್ ಫೈಲ್ ಆಗಿ ತೆಗೆದಿಟ್ಟುಕೊಳ್ಳುತ್ತಾರೆ. ಮೈಗ್ರೇಷನ್ ಟೆಸ್ಟ್ ಮಾಡಲು ಅದು ಬೇಕು. ನಿಮ್ಮ ಇವತ್ತಿನ ಕೋಡ್‌ನಲ್ಲಿ 7ನೇ ಆವೃತ್ತಿಯ ಟೇಬಲ್‌ಗಳಿವೆ. ಅದರಿಂದ 3ನೇ ಆವೃತ್ತಿಯ ಸ್ಕೀಮಾ ಬರುವುದಿಲ್ಲ. ಜನರೇಟೆಡ್ ಅಲ್ವಾ ಅಂತ ಇದನ್ನು ಇಗ್ನೋರ್ ಪಟ್ಟಿಗೆ ಹಾಕಿದರೆ, ಹಳೆ ಆ್ಯಪ್ ಇಟ್ಟುಕೊಂಡಿರುವ ಬಳಕೆದಾರರ ಡೇಟಾ ಹೇಗಿತ್ತು ಅನ್ನುವ ದಾಖಲೆಯೇ ಕೈಬಿಟ್ಟು ಹೋಗುತ್ತದೆ. ಇದನ್ನು ಕಣ್ಣು ಮುಚ್ಚಿ ಕಮಿಟ್ ಮಾಡಿ.

ಡೆಸ್ಕ್‌ಟಾಪ್ ಕಡೆ ಒಂದು ಸಣ್ಣ ವಿಚಿತ್ರ ಇದೆ. ಯಾವ ಪ್ಲಗಿನ್‌ಗಳಿವೆ ಅಂತ ಆ್ಯಪ್‌ಗೆ ಹೇಳುವ ಪ್ಲಗಿನ್ ರಿಜಿಸ್ಟ್ರಂಟ್ ಫೈಲುಗಳನ್ನು ಆಂಡ್ರಾಯ್ಡ್ ಮತ್ತು ಐಓಎಸ್‌ನಲ್ಲಿ ಫ್ಲಟರ್ ತಾನೇ ಇಗ್ನೋರ್ ಮಾಡುತ್ತದೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಫೋಲ್ಡರುಗಳಲ್ಲಿ ಅದೇ ಫೈಲುಗಳು ಗಿಟ್‌ಗೆ ಸೇರುತ್ತವೆ. ಹೊಸ ಪ್ಲಗಿನ್ ಹಾಕಿದಾಗ ಅವು ಬದಲಾದರೆ ಗಾಬರಿ ಬೇಡ. ಪ್ಯಾಕೇಜ್‌ಗಳ ಪಟ್ಟಿ ಇರುವ ಪಬ್‌ಸ್ಪೆಕ್ ಜೊತೆಗೇ ಕಮಿಟ್ ಮಾಡಿ.

ಹಂತ 2: ಒಂದು ಮಾಡೆಲ್ ಹತ್ತಿರದಿಂದ ನೋಡಿ

ಜನರೇಟರ್ ಏನು ಬರೆಯುತ್ತದೆ ಅಂತ ಒಮ್ಮೆಯಾದರೂ ಓದದೆ ಅದನ್ನು ಸಂಭಾಳಿಸಲು ಆಗುವುದಿಲ್ಲ. ಆರ್ಡರ್ ಅನ್ನುವ ಒಂದು ಕ್ಲಾಸ್ ತೆಗೆದುಕೊಳ್ಳೋಣ. ಪಬ್‌ಸ್ಪೆಕ್‌ನ ಡಿಪೆಂಡೆನ್ಸೀಸ್‌ನಲ್ಲಿ ಜೇಸನ್_ಆನೊಟೇಷನ್, ಡೆವ್_ಡಿಪೆಂಡೆನ್ಸೀಸ್‌ನಲ್ಲಿ ಬಿಲ್ಡ್_ರನ್ನರ್ (ಜನರೇಟರ್‌ಗಳನ್ನು ಓಡಿಸುವ ಟೂಲ್) ಮತ್ತು ಜೇಸನ್_ಸೀರಿಯಲೈಸಬಲ್ ಇರಲಿ. ಜನರೇಟರ್ ಯಾವಾಗಲೂ ಡೆವ್ ಕಡೆಯೇ. ಬಳಕೆದಾರರ ಫೋನಿಗೆ ಹೋಗುವ ಆ್ಯಪ್‌ಗೆ ಅದರ ಅಗತ್ಯ ಇಲ್ಲ.

ಆರ್ಡರ್.ಡಾರ್ಟ್ ಫೈಲಿನ ಮೇಲ್ಭಾಗದಲ್ಲಿ, ಇಂಪೋರ್ಟ್‌ಗಳು ಮುಗಿದ ಮೇಲೆ, ಈ ಸಾಲು ಬರಬೇಕು:

```
ಪಾರ್ಟ್ 'ಆರ್ಡರ್.ಜಿ.ಡಾರ್ಟ್';
```

ಈ ಸಾಲು ಬರೆದ ತಕ್ಷಣ ಎಡಿಟರ್ ಕೆಂಪು ಗೆರೆ ಎಳೆಯುತ್ತದೆ. ಆ ಫೈಲ್ ಇನ್ನೂ ಹುಟ್ಟಿಲ್ಲ, ಅದಕ್ಕೇ. ಹೆದರಬೇಡಿ, ಜನರೇಟರ್ ಓಡಿಸಿ:

```
ಡಾರ್ಟ್ ರನ್ ಬಿಲ್ಡ್_ರನ್ನರ್ ಬಿಲ್ಡ್
```

ಈಗ ಆರ್ಡರ್.ಜಿ.ಡಾರ್ಟ್ ತೆರೆಯಿರಿ. ಮೊದಲ ಸಾಲಲ್ಲೇ, ಇದು ಜನರೇಟೆಡ್ ಕೋಡ್, ಕೈಯಿಂದ ತಿದ್ದಬೇಡಿ ಅಂತ ಎಚ್ಚರಿಕೆ ಇರುತ್ತದೆ. ಅದರ ಕೆಳಗೆ ಪಾರ್ಟ್ ಆಫ್. ಅಂದರೆ ಈ ಫೈಲಿಗೆ ಸ್ವಂತ ಅಸ್ತಿತ್ವ ಇಲ್ಲ, ಆರ್ಡರ್.ಡಾರ್ಟ್‌ನ ಒಂದು ಕೈ ಅಷ್ಟೇ. ಅದಕ್ಕೇ ಇದರಲ್ಲಿ ಇಂಪೋರ್ಟ್ ಇರುವುದಿಲ್ಲ. ತಾಯಿ ಫೈಲಿನ ಇಂಪೋರ್ಟ್‌ಗಳನ್ನೇ ಇದು ಬಳಸುತ್ತದೆ. ಜನರೇಟೆಡ್ ಫೈಲಿನಲ್ಲಿ ಯಾವುದೋ ಟೈಪ್ ಗೊತ್ತಿಲ್ಲ ಅಂತ ಎರರ್ ಬಂದರೆ ಇಂಪೋರ್ಟ್ ಸೇರಿಸಬೇಕಾದ್ದು ತಾಯಿ ಫೈಲಿಗೆ.

ಜೇಸನ್_ಸೀರಿಯಲೈಸಬಲ್ ಮತ್ತು ರಿವರ್‌ಪಾಡ್_ಜನರೇಟರ್ ಎರಡೂ ಒಂದೇ .ಜಿ.ಡಾರ್ಟ್‌ಗೆ ಬರೆಯುವುದು ಹೇಗೆ ಅಂತ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಅವು ನೇರವಾಗಿ ಬರೆಯುವುದೇ ಇಲ್ಲ. ಪ್ರತಿ ಜನರೇಟರ್ ತನ್ನ ಪಾಲಿನ ತುಂಡನ್ನು .ಡಾರ್ಟ್_ಟೂಲ್ ಒಳಗೆ .ಜಿ.ಪಾರ್ಟ್ ಅನ್ನುವ ಫೈಲಿನಲ್ಲಿ ಇಡುತ್ತದೆ. ಸೋರ್ಸ್_ಜೆನ್ ಅನ್ನುವ ಪ್ಯಾಕೇಜ್ ಅವುಗಳನ್ನು ಒಟ್ಟಿಗೆ ಹೊಲಿದು ಒಂದು .ಜಿ.ಡಾರ್ಟ್ ಮಾಡುತ್ತದೆ. ಫ್ರೀಜ್ಡ್ ಈ ಹೊಲಿಗೆಗೆ ಸೇರುವುದಿಲ್ಲ, ತನ್ನದೇ ಬೇರೆ ಫೈಲ್ ಬರೆಯುತ್ತದೆ. ಅದಕ್ಕೇ ಫ್ರೀಜ್ಡ್ ಮತ್ತು ಜೇಸನ್ ಎರಡೂ ಬೇಕಿದ್ದರೆ ಎರಡು ಪಾರ್ಟ್ ಸಾಲು ಬರೆಯಬೇಕು.

ಹಂತ 3: ಕೈಯಿಂದ ತಿದ್ದುವ ಆಸೆಗೆ ದಾರಿ ಮಾಡಿಕೊಡಿ

ಜನ ಜನರೇಟೆಡ್ ಫೈಲನ್ನು ತಿದ್ದುವುದು ಸೊಕ್ಕಿನಿಂದ ಅಲ್ಲ. ಸರ್ವರ್ ಕ್ರಿಯೇಟೆಡ್_ಆಟ್ ಅಂತ ಕಳಿಸುತ್ತದೆ, ನಮ್ಮ ಫೀಲ್ಡ್ ಹೆಸರು ಬೇರೆ ರೀತಿ ಇದೆ, ರಿಲೀಸ್ ಇವತ್ತೇ. ಸುಮ್ನೆ ಒಂದು ಸಾಲು ಬದಲಿಸಿದರೆ ಆಯಿತಲ್ಲ ಅನ್ನಿಸುತ್ತದೆ. ಎರಡು ವಾರದ ಮೇಲೆ ಬೇರೆ ಯಾರೋ ಜನರೇಟರ್ ಓಡಿಸುತ್ತಾರೆ. ಆ ಒಂದು ಸಾಲು ಸದ್ದಿಲ್ಲದೆ ಮಾಯ.

ತಿದ್ದಬೇಡಿ ಅಂತ ಬೋರ್ಡ್ ಹಾಕಿದರೆ ಸಾಲದು. ತಿದ್ದಬೇಕಾದ್ದನ್ನು ಎಲ್ಲಿ ಬರೆಯಬೇಕು ಅಂತ ತೋರಿಸಬೇಕು. ಆ ಜಾಗಗಳು ಎರಡು. ಒಂದೇ ಫೀಲ್ಡ್‌ಗೆ ಸಂಬಂಧಿಸಿದ್ದರೆ ಜೇಸನ್‌ಕೀ ಆನೊಟೇಷನ್: ಹೆಸರು, ಡಿಫಾಲ್ಟ್ ಬೆಲೆ, ಸ್ವಂತ ಕನ್ವರ್ಷನ್ ಫಂಕ್ಷನ್ ಎಲ್ಲ ಅಲ್ಲೇ ಕೊಡಬಹುದು. ಇಡೀ ಪ್ರಾಜೆಕ್ಟಿಗೆ ಬೇಕಿದ್ದರೆ ಪಬ್‌ಸ್ಪೆಕ್ ಪಕ್ಕದಲ್ಲೇ ಬಿಲ್ಡ್.ಯಾಮ್ಲ್ ಅಂತ ಒಂದು ಫೈಲ್:

```
ಟಾರ್ಗೆಟ್ಸ್:
  $ಡಿಫಾಲ್ಟ್:
    ಬಿಲ್ಡರ್ಸ್:
      ಜೇಸನ್_ಸೀರಿಯಲೈಸಬಲ್:
        ಜನರೇಟ್_ಫಾರ್:
          - ಲಿಬ್/ಮಾಡೆಲ್ಸ್/**.ಡಾರ್ಟ್
        ಆಪ್ಷನ್ಸ್:
          ಫೀಲ್ಡ್_ರಿನೇಮ್: ಸ್ನೇಕ್
          ಎಕ್ಸ್‌ಪ್ಲಿಸಿಟ್_ಟು_ಜೇಸನ್: ಟ್ರೂ
```

ಫೀಲ್ಡ್_ರಿನೇಮ್ ಸ್ನೇಕ್ ಅಂತ ಹಾಕಿದರೆ ಕ್ರಿಯೇಟೆಡ್_ಆಟ್ ಸಮಸ್ಯೆ ಎಲ್ಲ ಮಾಡೆಲ್‌ಗಳಲ್ಲೂ ಒಂದೇ ಏಟಿಗೆ ಮುಗಿಯುತ್ತದೆ. ಎಕ್ಸ್‌ಪ್ಲಿಸಿಟ್_ಟು_ಜೇಸನ್ ಬಗ್ಗೆ ಒಂದು ಮಾತು. ಡಿಫಾಲ್ಟ್ ಆಗಿ ಇದು ಫಾಲ್ಸ್. ಆಗ ಆರ್ಡರ್ ಒಳಗಿನ ಅಡ್ರೆಸ್ ಆಬ್ಜೆಕ್ಟನ್ನು ಮ್ಯಾಪ್ ಆಗಿ ಬದಲಿಸದೆ ಆಬ್ಜೆಕ್ಟ್ ಆಗಿಯೇ ಬಿಟ್ಟಿರುತ್ತದೆ. ಜೇಸನ್‌ಎನ್‌ಕೋಡ್ ಮೂಲಕ ಹೋದರೆ ಗೊತ್ತಾಗುವುದಿಲ್ಲ, ಅದು ಒಳಗಿನ ಟುಜೇಸನ್ ತಾನೇ ಕರೆಯುತ್ತದೆ. ಆ ಮ್ಯಾಪನ್ನು ನೇರವಾಗಿ ಬೇರೆ ಲೈಬ್ರರಿಗೆ ಕೊಟ್ಟ ದಿನ ಎಡವುತ್ತೀರಿ.

ಹಂತ 4: ಕಮಿಟ್ ಮಾಡಬೇಕಾ?

ಈ ಪ್ರಶ್ನೆಗೆ ಜಗಳಗಳೇ ಆಗಿವೆ. ಮೊದಲು ಜಗಳವೇ ಇಲ್ಲದ ಎರಡು ಸಂದರ್ಭ ಹೇಳಿಬಿಡುತ್ತೇನೆ.

ನೀವು ಬರೆಯುತ್ತಿರುವುದು ಆ್ಯಪ್ ಅಲ್ಲ, ಪಬ್.ಡೆವ್‌ಗೆ ಹಾಕುವ ಪ್ಯಾಕೇಜ್ ಅಂತಾದರೆ ಜನರೇಟೆಡ್ ಫೈಲುಗಳು ಅದರ ಜೊತೆ ಹೋಗಲೇಬೇಕು. ಬಿಲ್ಡ್_ರನ್ನರ್ ಡಿಪೆಂಡೆನ್ಸಿಗಳ ಲಿಬ್ ಫೋಲ್ಡರಿಗೆ ಬರೆಯುವುದಿಲ್ಲ. ನಿಮ್ಮ ಪ್ಯಾಕೇಜ್ ಬಳಸುವವರ ಹತ್ತಿರ ಆ ಫೈಲುಗಳು ಹುಟ್ಟುವ ದಾರಿಯೇ ಇಲ್ಲ. ಇಲ್ಲೊಂದು ಗುಂಡಿ ಇದೆ: ಪಬ್ಲಿಶ್ ಕಮಾಂಡ್ .ಗಿಟ್‌ಇಗ್ನೋರ್ ಅನ್ನು ಗೌರವಿಸುತ್ತದೆ. ಗಿಟ್‌ನಲ್ಲಿ ಇಗ್ನೋರ್ ಆಗಿದ್ದರೆ ಪ್ಯಾಕೇಜಿನಲ್ಲೂ ಇರುವುದಿಲ್ಲ. ನಿಮ್ಮ ಮೆಷಿನ್‌ನಲ್ಲಿ ಎಲ್ಲ ಟೆಸ್ಟ್ ಪಾಸ್, ಹೊರಗಿನವರಿಗೆ ಕಂಪೈಲೇ ಆಗುವುದಿಲ್ಲ. ಕಮಿಟ್ ಮಾಡಿ, ಇಲ್ಲವೇ ಪಕ್ಕದಲ್ಲಿ .ಪಬ್‌ಇಗ್ನೋರ್ ಇಡಿ. ಅದು ಇದ್ದರೆ ಆ ಫೋಲ್ಡರಿನ .ಗಿಟ್‌ಇಗ್ನೋರ್ ಲೆಕ್ಕಕ್ಕೆ ಬರುವುದಿಲ್ಲ. ಪಬ್ಲಿಶ್ ಮಾಡುವ ಮೊದಲು --ಡ್ರೈ-ರನ್ ಹಾಕಿ ಫೈಲ್ ಪಟ್ಟಿಯನ್ನು ಕಣ್ಣಾರೆ ನೋಡಿ.

ಇನ್ನೊಂದು ತದ್ವಿರುದ್ಧ. ಎನ್ವೀಡ್ ತರಹದ ಜನರೇಟರ್‌ಗಳು .ಎನ್ವ್ ಫೈಲಿನಲ್ಲಿರುವ ಗುಟ್ಟಿನ ಕೀಗಳನ್ನು ಓದಿ ಡಾರ್ಟ್ ಕೋಡ್ ಆಗಿ ಬರೆಯುತ್ತವೆ. .ಎನ್ವ್ ಅನ್ನು ಇಗ್ನೋರ್ ಮಾಡಿದ್ದೀರಿ, ಸರಿ. ಎನ್ವ್.ಜಿ.ಡಾರ್ಟ್ ಕಮಿಟ್ ಆಗಿದ್ದರೆ? ಮುಂಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲು ತೆರೆದಿಟ್ಟ ಹಾಗೆ. ಕಮಿಟ್ ಪಕ್ಷವೋ ಇಗ್ನೋರ್ ಪಕ್ಷವೋ, ನೀವು ಯಾವ ಪಕ್ಷದವರಾದರೂ ಈ ಒಂದು ಫೈಲ್ ಇಗ್ನೋರ್ ಪಟ್ಟಿಯಲ್ಲಿ ಇರಬೇಕು.

ಈಗ ಜಗಳದ ಭಾಗ, ಸಾಮಾನ್ಯ ಆ್ಯಪ್. ಇಗ್ನೋರ್ ಪಕ್ಷದವರ ವಾದ ಗಟ್ಟಿಯೇ ಇದೆ. ರೆಪೊ ಚೊಕ್ಕ, ರಿವ್ಯೂ ಸಣ್ಣದು, ಮರ್ಜ್ ಕಾನ್‌ಫ್ಲಿಕ್ಟ್ ಇಲ್ಲ, ಹಳಸಿದ ಫೈಲ್ ರೆಪೊದಲ್ಲಿ ಉಳಿಯುವ ಭಯ ಇಲ್ಲ. ನಾನೂ ಹಲವು ವರ್ಷ ಈ ಪಕ್ಷದವನೇ.

ನನ್ನ ಮನಸ್ಸು ಬದಲಾಗಿದ್ದಕ್ಕೆ ಎರಡು ಕಾರಣ. ಒಂದು, ಬ್ರಾಂಚ್ ಬದಲಿಸುವ ಕಿರಿಕಿರಿ. ಗಿಟ್ ಇಗ್ನೋರ್ ಆದ ಫೈಲುಗಳನ್ನು ಮುಟ್ಟುವುದಿಲ್ಲ. ನಿಮ್ಮ ಬ್ರಾಂಚಿನಿಂದ ಸಹೋದ್ಯೋಗಿಯ ಬ್ರಾಂಚಿಗೆ ಹೋದರೆ ಮಾಡೆಲ್ ಅವರದು, .ಜಿ.ಡಾರ್ಟ್ ನಿಮ್ಮದು. ಎರಡಕ್ಕೂ ಹೊಂದಾಣಿಕೆ ಇಲ್ಲ. ದಿನಕ್ಕೆ ನಾಲ್ಕು ಸಲ ಬ್ರಾಂಚ್ ಬದಲಿಸಿದರೆ ನಾಲ್ಕು ಸಲ ಕಾಯಬೇಕು. ದೋಷ ಯಾವ ಕಮಿಟ್‌ನಲ್ಲಿ ಬಂತು ಅಂತ ಹುಡುಕಲು ಗಿಟ್ ಬೈಸೆಕ್ಟ್ ಮಾಡುವವರಂತೂ ಪ್ರತಿ ಹೆಜ್ಜೆಗೂ ಹಳೆಯ ಲಾಕ್ ಫೈಲಿನ (ಪ್ಯಾಕೇಜ್‌ಗಳ ಖಚಿತ ಆವೃತ್ತಿ ಬರೆದಿಟ್ಟ ಪಬ್‌ಸ್ಪೆಕ್.ಲಾಕ್) ಪ್ರಕಾರ ಪಬ್ ಗೆಟ್ ಮಾಡಿ, ಮತ್ತೆ ಜನರೇಟ್ ಮಾಡಿ ಕೂರಬೇಕು.

ಎರಡನೆಯದು ಇನ್ನೂ ದೊಡ್ಡದು. ಜೇಸನ್_ಸೀರಿಯಲೈಸಬಲ್‌ನ ಹಳೆಯ ಆವೃತ್ತಿಗಳು ಇಂಟ್ ಫೀಲ್ಡ್‌ಗೆ ಹೀಗೆ ಬರೆಯುತ್ತಿದ್ದವು:

```
ಜೇಸನ್['ಕ್ವಾಂಟಿಟಿ'] ಆ್ಯಸ್ ಇಂಟ್
```

ಹೊಸವು ಹೀಗೆ ಬರೆಯುತ್ತವೆ:

```
(ಜೇಸನ್['ಕ್ವಾಂಟಿಟಿ'] ಆ್ಯಸ್ ನಮ್).ಟುಇಂಟ್()
```

ನೋಡಲು ಸಣ್ಣ ಬದಲಾವಣೆ. ಪರಿಣಾಮ ನೋಡಿ. ಸರ್ವರ್ 5.0 ಕಳಿಸಿದರೆ ಹಳೆಯದು ಮೊಬೈಲ್‌ನಲ್ಲಿ ಎರರ್ ಎಸೆಯುತ್ತಿತ್ತು, ಹೊಸದು 5 ಅಂತ ತೆಗೆದುಕೊಳ್ಳುತ್ತದೆ. ಇದು ಒಳ್ಳೆಯದೇ. ಆದರೆ ಸರ್ವರ್ ತಪ್ಪಿ 5.7 ಕಳಿಸಿದರೂ ಹೊಸದು ಚಕಾರ ಎತ್ತದೆ 5 ಮಾಡುತ್ತದೆ. ನಿಮ್ಮ ಸೋರ್ಸ್‌ನಲ್ಲಿ ಒಂದಕ್ಷರ ಬದಲಾಗಿಲ್ಲ, ಆದರೆ ಎಲ್ಲ ಮಾಡೆಲ್‌ಗಳ ನಡವಳಿಕೆ ಬದಲಾಗಿದೆ. ಜನರೇಟೆಡ್ ಫೈಲ್ ಕಮಿಟ್ ಆಗಿದ್ದರೆ ಇದು ಡಿಫ್‌ನಲ್ಲಿ ಕಣ್ಣಿಗೆ ರಾಚುತ್ತದೆ. ಇಗ್ನೋರ್ ಆಗಿದ್ದರೆ ಪಬ್‌ಸ್ಪೆಕ್.ಲಾಕ್‌ನಲ್ಲಿ ಒಂದು ನಂಬರ್ ಬದಲಾಗಿದ್ದು ಮಾತ್ರ ಕಾಣುತ್ತದೆ.

ಹಾಗಾಗಿ ಈಗ ನನ್ನ ಓಟು ಕಮಿಟ್ ಮಾಡುವುದಕ್ಕೆ, ಆದರೆ ಹಂತ 6ರ ಸಿಐ ಕಾವಲು ಇದ್ದರೆ ಮಾತ್ರ. ಕಾವಲಿಲ್ಲದೆ ಕಮಿಟ್ ಮಾಡುವುದು ಎರಡೂ ಪಕ್ಷಗಳ ಕೆಟ್ಟದ್ದನ್ನು ಒಟ್ಟಿಗೆ ತಂದುಕೊಂಡ ಹಾಗೆ. ಒಬ್ಬರೇ ಕೆಲಸ ಮಾಡುವ ಸಣ್ಣ ಆ್ಯಪ್ ಆದರೆ ಇಗ್ನೋರ್ ಮಾಡಿ ಆರಾಮಾಗಿರಿ. ಅಷ್ಟು ಯೋಚನೆ ಬೇಡ.

ಹಂತ 5: ಗಿಟ್‌ಗೆ ಹೇಳಿಕೊಡಿ

ಇಗ್ನೋರ್ ಮಾಡುವುದಾದರೆ .ಗಿಟ್‌ಇಗ್ನೋರ್‌ಗೆ *.ಜಿ.ಡಾರ್ಟ್, *.ಫ್ರೀಜ್ಡ್.ಡಾರ್ಟ್ ಹೀಗೆ ನೀವು ಬಳಸುವ ಎಲ್ಲ ನಮೂನೆ ಸೇರಿಸಿ. ಈಗಾಗಲೇ ಕಮಿಟ್ ಆಗಿರುವ ಫೈಲುಗಳಿಗೆ ಇದು ಅನ್ವಯಿಸುವುದಿಲ್ಲ. ಅವನ್ನು ಡಿಸ್ಕಿನಲ್ಲಿ ಉಳಿಸಿ ಗಿಟ್‌ನಿಂದ ಮಾತ್ರ ಬಿಡಿಸಬೇಕು:

```
ಗಿಟ್ ಆರ್‌ಎಮ್ --ಕ್ಯಾಶ್ಡ್ "*.ಜಿ.ಡಾರ್ಟ್" "*.ಫ್ರೀಜ್ಡ್.ಡಾರ್ಟ್"
```

ಕೋಟ್ ಮಾರ್ಕ್ ಮರೆಯಬೇಡಿ. ಇಲ್ಲದಿದ್ದರೆ ಆ ನಕ್ಷತ್ರವನ್ನು ಗಿಟ್ ನೋಡುವ ಮೊದಲೇ ನಿಮ್ಮ ಶೆಲ್ ಬಿಡಿಸಿಬಿಡಬಹುದು.

ಕಮಿಟ್ ಮಾಡುವುದಾದರೆ .ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಎರಡು ಬಗೆಯ ಸಾಲು ಬೇಕು:

```
*.ಡಾರ್ಟ್ ಟೆಕ್ಸ್ಟ್ ಇಓಎಲ್=ಎಲ್‌ಎಫ್
*.ಜಿ.ಡಾರ್ಟ್ ಲಿಂಗ್ವಿಸ್ಟ್-ಜನರೇಟೆಡ್=ಟ್ರೂ
*.ಫ್ರೀಜ್ಡ್.ಡಾರ್ಟ್ ಲಿಂಗ್ವಿಸ್ಟ್-ಜನರೇಟೆಡ್=ಟ್ರೂ
```

ಮೊದಲ ಸಾಲು ವಿಂಡೋಸ್ ಮತ್ತು ಮ್ಯಾಕ್ ಎರಡೂ ಇರುವ ಟೀಮ್‌ಗೆ. ಸಾಲಿನ ಕೊನೆಯ ಗುರುತು ಬೇರೆ ಬೇರೆ ಆಗಿ ಇಡೀ ಫೈಲೇ ಬದಲಾದ ಹಾಗೆ ಕಾಣುವ ತಾಪತ್ರಯ ತಪ್ಪುತ್ತದೆ. ಉಳಿದವು ಗಿಟ್‌ಹಬ್‌ಗೆ. ಪುಲ್ ರಿಕ್ವೆಸ್ಟ್‌ನಲ್ಲಿ ಈ ಫೈಲುಗಳು ಮಡಚಿಕೊಂಡಿರುತ್ತವೆ, ಬೇಕಿದ್ದಾಗ ಬಿಡಿಸಿ ನೋಡಬಹುದು. ರಿವ್ಯೂ ಮಾಡುವವರು ನಿಮ್ಮನ್ನು ಹರಸುತ್ತಾರೆ.

ಯಾವ ಪಕ್ಷವಾದರೂ ಆ್ಯಪ್‌ನ ಪಬ್‌ಸ್ಪೆಕ್.ಲಾಕ್ ಕಮಿಟ್ ಆಗಿರಲಿ. ಜನರೇಟರ್‌ನ ಆವೃತ್ತಿ ಒಬ್ಬೊಬ್ಬರಲ್ಲಿ ಒಂದೊಂದಾದರೆ ಅವರು ಹುಟ್ಟಿಸುವ ಕೋಡೂ ಒಂದೊಂದು ರೀತಿ. ಒಬ್ಬರು ಕಮಿಟ್ ಮಾಡಿದ್ದನ್ನು ಇನ್ನೊಬ್ಬರು ವಾಪಸ್ ತಿರುಗಿಸುತ್ತಾ, ಇದು ಹಗ್ಗಜಗ್ಗಾಟ ಆಗುತ್ತದೆ.

ಹಂತ 6: ಸಿಐನಲ್ಲಿ ಕಾವಲು

ಸಿಐ ಮಾಡಬೇಕಾದ್ದು ಇಷ್ಟೇ. ಲಾಕ್ ಫೈಲಿನಲ್ಲಿ ಇರುವ ಆವೃತ್ತಿಗಳನ್ನೇ ತಂದುಕೊಳ್ಳಬೇಕು, ಜನರೇಟರ್ ಓಡಿಸಬೇಕು, ಆಮೇಲೆ ರೆಪೊದಲ್ಲಿ ಏನಾದರೂ ಬದಲಾಯಿತಾ ನೋಡಬೇಕು.

```
ಫ್ಲಟರ್ ಪಬ್ ಗೆಟ್ --ಎನ್‌ಫೋರ್ಸ್-ಲಾಕ್‌ಫೈಲ್
ಡಾರ್ಟ್ ರನ್ ಬಿಲ್ಡ್_ರನ್ನರ್ ಬಿಲ್ಡ್ --ಡಿಲೀಟ್-ಕಾನ್‌ಫ್ಲಿಕ್ಟಿಂಗ್-ಔಟ್‌ಪುಟ್ಸ್
ಗಿಟ್ ಸ್ಟೇಟಸ್ --ಪೋರ್ಸಲೀನ್
```

ಮೂರನೆಯ ಕಮಾಂಡ್ ಏನಾದರೂ ಮುದ್ರಿಸಿದರೆ ಬಿಲ್ಡ್ ಫೇಲ್ ಮಾಡಿ. ಬಹಳ ಜನ ಇಲ್ಲಿ ಗಿಟ್ ಡಿಫ್ --ಎಕ್ಸಿಟ್-ಕೋಡ್ ಹಾಕುತ್ತಾರೆ. ನಾನೂ ಹಾಕಿದ್ದೆ. ಅದು ಈಗಾಗಲೇ ಗಿಟ್‌ನಲ್ಲಿರುವ ಫೈಲುಗಳನ್ನು ಮಾತ್ರ ನೋಡುತ್ತದೆ. ಹೊಸ ಮಾಡೆಲ್ ಬರೆದು ಅದರ .ಜಿ.ಡಾರ್ಟ್ ಆ್ಯಡ್ ಮಾಡಲು ಮರೆತರೆ, ಕಾವಲುಗಾರ ಅದನ್ನು ಕಾಣದೆ ಒಳಗೆ ಬಿಡುತ್ತಾನೆ. ಮರೆಯುವುದು ಹೆಚ್ಚಾಗಿ ಹೊಸ ಫೈಲನ್ನೇ ಅಲ್ವಾ?

ಎರಡನೆಯ ಕಮಾಂಡಿನ ಕೊನೆಯ ಉದ್ದ ಫ್ಲ್ಯಾಗ್ ಹಳೆಯ ಬಿಲ್ಡ್_ರನ್ನರ್‌ಗೆ. ಮೊದಲೇ ಇರುವ ಫೈಲಿನ ಮೇಲೆ ಬರೆಯಬೇಕಾದಾಗ ಅದು, ಅಳಿಸಲಾ ಅಂತ ಕೇಳುತ್ತಿತ್ತು. ಸಿಐನಲ್ಲಿ ಉತ್ತರ ಹೇಳಲು ಯಾರೂ ಇರುವುದಿಲ್ಲ. ಹೊಸ ಆವೃತ್ತಿಗಳು ಕೇಳದೆ ತಾವೇ ಅಳಿಸುತ್ತವೆ.

ಪ್ರಿ-ಕಮಿಟ್ ಹುಕ್‌ನಲ್ಲೇ ಜನರೇಟ್ ಮಾಡಿಸಬಾರದಾ ಅಂತ ಕೇಳುವವರಿದ್ದಾರೆ. ನನಗೆ ಇಷ್ಟವಿಲ್ಲ. ಒಂದು ಕಾಗುಣಿತ ತಿದ್ದಲು ಅರ್ಧ ನಿಮಿಷ ಕಾಯಬೇಕಾದರೆ ಜನ ಹುಕ್ಕನ್ನು ಪಕ್ಕಕ್ಕೆ ಸರಿಸುವ ದಾರಿ ಬೇಗ ಕಲಿಯುತ್ತಾರೆ.

ಹಂತ 7: ಕಾನ್‌ಫ್ಲಿಕ್ಟ್ ಬಂದಾಗ

ನನ್ನ ಶುಕ್ರವಾರ ಸಂಜೆ ಹೀಗೆ ನಡೆಯಬೇಕಿತ್ತು. ಮೊದಲು ಮನುಷ್ಯರು ಬರೆದ ಮೂರು ಫೈಲ್ (ಪಬ್‌ಸ್ಪೆಕ್ ಅದರಲ್ಲಿದ್ದರೆ ಅದೂ ಸೇರಿ) ಸರಿಮಾಡುವುದು. ಲಾಕ್ ಫೈಲಿನಲ್ಲೂ ಕಾನ್‌ಫ್ಲಿಕ್ಟ್ ಇದ್ದರೆ ಮೇನ್ ಬ್ರಾಂಚಿನದನ್ನು ಇಟ್ಟುಕೊಂಡು ಪಬ್ ಗೆಟ್ ಮಾಡುವುದು. ಜನರೇಟೆಡ್ ಫೈಲುಗಳಿಗೆ ಯಾವುದೋ ಒಂದು ಕಡೆಯದನ್ನು, ಹೌದು, ಯಾವುದೋ ಒಂದನ್ನು ತೆಗೆದುಕೊಳ್ಳುವುದು:

```
ಗಿಟ್ ಚೆಕ್‌ಔಟ್ --ದೇರ್ಸ್ -- "*.ಜಿ.ಡಾರ್ಟ್" "*.ಫ್ರೀಜ್ಡ್.ಡಾರ್ಟ್"
```

ಆಮೇಲೆ ಜನರೇಟರ್ ಓಡಿಸಿ, ಗಿಟ್ ಆ್ಯಡ್ ಮಾಡಿ, ಮರ್ಜ್ ಮುಗಿಸುವುದು. ಯಾವ ಕಡೆಯದು ಸರಿ ಅಂತ ತಲೆ ಕೆಡಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಎರಡೂ ತಪ್ಪೇ ಇರಬಹುದು. ಇಬ್ಬರೂ ಒಂದೇ ಕ್ಲಾಸಿಗೆ ಬೇರೆ ಬೇರೆ ಫೀಲ್ಡ್ ಸೇರಿಸಿದ್ದರೆ, ಎರಡೂ ಫೀಲ್ಡ್ ಇರುವ ಫೈಲ್ ಈ ಪ್ರಪಂಚದಲ್ಲಿ ಇನ್ನೂ ಹುಟ್ಟಿಯೇ ಇಲ್ಲ.

ಕಾನ್‌ಫ್ಲಿಕ್ಟ್ ತೋರಿಸದೆ ಮರ್ಜ್ ಆದಾಗಲೂ ಜನರೇಟರ್ ಓಡಿಸಿ. ಗಿಟ್‌ಗೆ ಸಾಲುಗಳು ಗೊತ್ತು, ಅರ್ಥ ಗೊತ್ತಿಲ್ಲ.

ಹಂತ 8: ಎಡಿಟರ್ ಮತ್ತು ಅನಲೈಸರ್

ಅನಾಲಿಸಿಸ್_ಆಪ್ಷನ್ಸ್.ಯಾಮ್ಲ್‌ನಲ್ಲಿ ಅನಲೈಸರ್ ಕೆಳಗೆ ಎಕ್ಸ್‌ಕ್ಲೂಡ್ ಅಂತ ಹಾಕಿ **/*.ಜಿ.ಡಾರ್ಟ್ ಸೇರಿಸಿ. ನೀವು ಬರೆಯದ ಕೋಡಿಗೆ ನೀವು ಬೈಸಿಕೊಳ್ಳುವುದು ನಿಲ್ಲುತ್ತದೆ. ಆ ಫೈಲಿನೊಳಗಿನ ನಿಜವಾದ ಎರರ್ ಕೂಡ ಇನ್ನು ಕಂಪೈಲ್ ಆಗುವಾಗಲೇ ಕಾಣುವುದು, ಅದು ನೆನಪಿರಲಿ.

ವಿಎಸ್ ಕೋಡ್‌ನಲ್ಲಿ ಫೈಲ್ ನೆಸ್ಟಿಂಗ್ ಆನ್ ಮಾಡಿದರೆ ಆರ್ಡರ್.ಡಾರ್ಟ್ ಕೆಳಗೆ ಅದರ ಮರಿಗಳು ಮಡಚಿ ಕೂರುತ್ತವೆ. ಪೂರ್ತಿ ಅಡಗಿಸಬೇಡಿ, ಓದುವ ಅವಶ್ಯಕತೆ ಬೀಳುತ್ತದೆ. ಟೆಸ್ಟ್ ಕವರೇಜ್ ಲೆಕ್ಕದಿಂದ ಈ ಫೈಲುಗಳನ್ನು ತೆಗೆಯಲು ಎಲ್‌ಕೋವ್‌ನ --ರಿಮೂವ್ ಸಾಕು.

ಹಂತ 9: ನಿಧಾನವಾದರೆ

ಕೆಲಸ ಮಾಡುವಾಗ ಬಿಲ್ಡ್ ಬದಲು ವಾಚ್ ಬಳಸಿ. ಸೇವ್ ಮಾಡಿದ ಫೈಲಿಗೆ ಸಂಬಂಧಿಸಿದ್ದನ್ನು ಮಾತ್ರ ಅದು ಮತ್ತೆ ಮಾಡುತ್ತದೆ. ಬಿಲ್ಡ್.ಯಾಮ್ಲ್‌ನಲ್ಲಿ ಜನರೇಟ್_ಫಾರ್ ಹಾಕಿದ್ದು ಇಲ್ಲಿ ಫಲ ಕೊಡುತ್ತದೆ. ಇಲ್ಲದಿದ್ದರೆ ಪ್ರತಿ ಜನರೇಟರ್ ಲಿಬ್‌ನ ಪ್ರತಿ ಫೈಲನ್ನೂ ತೆರೆದು, ನನಗೇನಾದರೂ ಕೆಲಸ ಇದೆಯಾ ಅಂತ ಕೇಳುತ್ತಾ ಹೋಗುತ್ತದೆ. ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡುವ ಒಂದು ದೊಡ್ಡ ಫೈಲ್ ಇಟ್ಟುಕೊಂಡು ಅದನ್ನೇ ಮಾಡೆಲ್‌ಗಳಲ್ಲಿ ಇಂಪೋರ್ಟ್ ಮಾಡುವ ಅಭ್ಯಾಸ ಇದ್ದರೆ ಬಿಡಿ. ಒಂದು ಕಡೆ ಮುಟ್ಟಿದರೆ ಎಲ್ಲ ಕಡೆಯೂ ಬದಲಾದ ಹಾಗೆ ಬಿಲ್ಡ್_ರನ್ನರ್‌ಗೆ ಕಾಣುತ್ತದೆ.

ಒಂದು ಕಾಲದಲ್ಲಿ ಮ್ಯಾಕ್ರೋಗಳು (ಕಂಪೈಲ್ ಆಗುವಾಗಲೇ ಕೋಡ್ ಹುಟ್ಟಿಸುವ ಭಾಷೆಯ ಸೌಲಭ್ಯ) ಬಂದು ಈ ಕಾಯುವ ಕೆಲಸವನ್ನೇ ಇಲ್ಲವಾಗಿಸುತ್ತವೆ ಅಂತ ನಾವೆಲ್ಲ ಕಾದಿದ್ದೆವು. 2025ರ ಜನವರಿಯಲ್ಲಿ ಡಾರ್ಟ್ ತಂಡ ಆ ಯೋಜನೆಯನ್ನು ನಿಲ್ಲಿಸಿತು. ಬಿಲ್ಡ್_ರನ್ನರ್ ಜೊತೆಗೇ ಬಾಳುವೆ ಮಾಡಬೇಕು.

ಹಂತ 10: ಬಿಲ್ಡ್_ರನ್ನರ್‌ಗೆ ಸೇರದವು

ಭಾಷಾಂತರದ ಫೈಲುಗಳು, ಪ್ರತಿ ಭಾಷೆಯ ಪಠ್ಯ ಇಡುವ ಎಆರ್‌ಬಿ ಫೈಲುಗಳಿಂದ ಹುಟ್ಟುತ್ತವೆ, ಫ್ಲಟರ್‌ನದೇ ಜೆನ್-ಎಲ್10ಎನ್ ಮೂಲಕ. ಪಬ್‌ಸ್ಪೆಕ್‌ನಲ್ಲಿ ಜನರೇಟ್: ಟ್ರೂ ಇದ್ದರೆ ಪಬ್ ಗೆಟ್ ಮಾಡಿದಾಗಲೇ ಆಗುತ್ತದೆ. ಹಾಗಾಗಿ ಇವನ್ನು ಇಗ್ನೋರ್ ಮಾಡಿದರೂ ಅಷ್ಟೇನೂ ತೊಂದರೆ ಇಲ್ಲ. ಹಳೆಯ ಪ್ರಾಜೆಕ್ಟ್ ಇದ್ದವರಿಗೆ ಒಂದು ಎಚ್ಚರಿಕೆ: ಮೊದಲು ಇವು .ಡಾರ್ಟ್_ಟೂಲ್ ಒಳಗೆ ಫ್ಲಟರ್_ಜೆನ್ ಅನ್ನುವ ಹುಸಿ ಪ್ಯಾಕೇಜ್ ಆಗಿ ಕೂರುತ್ತಿದ್ದವು. ಫ್ಲಟರ್ 3.32ರಿಂದ ಡಿಫಾಲ್ಟ್ ಆಗಿ ನಿಮ್ಮ ಸೋರ್ಸ್ ಫೋಲ್ಡರಿಗೇ ಬರುತ್ತವೆ. ಅಪ್‌ಗ್ರೇಡ್ ಮಾಡಿದ ಮೇಲೆ ಇಂಪೋರ್ಟ್ ಸಾಲುಗಳು ಕೆಂಪಾದರೆ ಕಾರಣ ಇದೇ.

ಪಿಜನ್ ಬೇರೆಯೇ ಕಥೆ. ಡಾರ್ಟ್ ಮತ್ತು ನೇಟಿವ್ ಕೋಡ್ ನಡುವೆ ಮಾತುಕತೆಗೆ ಅದು ಡಾರ್ಟ್, ಕಾಟ್ಲಿನ್, ಸ್ವಿಫ್ಟ್ ಮೂರರಲ್ಲೂ ಫೈಲ್ ಬರೆಯುತ್ತದೆ. ಮೂರೂ ಒಂದೇ ಆವೃತ್ತಿಯ ಪಿಜನ್‌ನಿಂದ, ಒಂದೇ ಸಲ ಹುಟ್ಟಿರಬೇಕು. ಡಾರ್ಟ್ ಕಡೆ ಹೊಸದು, ಕಾಟ್ಲಿನ್ ಕಡೆ ಹಳೆಯದು ಆದರೆ ಕಂಪೈಲ್ ಆಗಿಬಿಡಬಹುದು, ಓಡುವಾಗ ಬೀಳುತ್ತದೆ. ಇವನ್ನು ಕಮಿಟ್ ಮಾಡಿ, ಮೂರನ್ನೂ ಒಂದೇ ಕಮಿಟ್‌ನಲ್ಲಿ.

ಹಂತ 11: ಅಪ್‌ಗ್ರೇಡ್ ಪ್ರತ್ಯೇಕ ಕಮಿಟ್‌ನಲ್ಲಿ

ಜನರೇಟರ್‌ನ ಆವೃತ್ತಿ ಏರಿಸುವಾಗ ಬೇರೆ ಯಾವ ಕೆಲಸವನ್ನೂ ಅದರ ಜೊತೆ ಬೆರೆಸಬೇಡಿ. ಏರಿಸಿ, ಜನರೇಟ್ ಮಾಡಿ, ಡಿಫ್ ಓದಿ, ಕಮಿಟ್ ಮಾಡಿ. ಇನ್ನೂರು ಫೈಲ್ ಬದಲಾದರೂ ಬದಲಾವಣೆಯ ನಮೂನೆ ಸಾಮಾನ್ಯವಾಗಿ ಒಂದೋ ಎರಡೋ ಇರುತ್ತದೆ. ಮೂರು ಫೈಲ್ ಗಮನವಿಟ್ಟು ಓದಿದರೆ ಗೊತ್ತಾಗುತ್ತದೆ.

ಜನರೇಟರ್ ಏರಿಸದೆಯೂ ಎಲ್ಲ ಫೈಲ್ ಬದಲಾಗುವ ಒಂದು ಸಂದರ್ಭ ಇದೆ. ಡಾರ್ಟ್ 3.7ರಲ್ಲಿ ಫಾರ್ಮ್ಯಾಟರ್‌ನ ಶೈಲಿ ಬದಲಾಯಿತು. ಯಾವ ಶೈಲಿ ಅನ್ನುವುದನ್ನು ಅದು ಪಬ್‌ಸ್ಪೆಕ್‌ನಲ್ಲಿ ನೀವು ಬರೆದ ಕನಿಷ್ಠ ಎಸ್‌ಡಿಕೆ ಆವೃತ್ತಿ ನೋಡಿ ತೀರ್ಮಾನಿಸುತ್ತದೆ. ಆ ಒಂದು ನಂಬರ್ 3.7 ಮುಟ್ಟಿದ ದಿನ ಜನರೇಟೆಡ್ ಫೈಲುಗಳೂ ಹೊಸ ಅವತಾರ ಎತ್ತುತ್ತವೆ. ಅದಕ್ಕೂ ಒಂದು ಪ್ರತ್ಯೇಕ ಕಮಿಟ್.

ಕೆಟ್ಟಾಗ ಎಲ್ಲಿ ನೋಡಬೇಕು

ಜನರೇಟರ್ ಓಡಿತು, ಫೈಲ್ ಮಾತ್ರ ಹುಟ್ಟಲಿಲ್ಲ. ಹತ್ತರಲ್ಲಿ ಎಂಟು ಸಲ ಪಾರ್ಟ್ ಸಾಲು ಮರೆತಿರುತ್ತದೆ, ಇಲ್ಲವೇ ಅದರಲ್ಲಿ ಫೈಲ್ ಹೆಸರು ತಪ್ಪಿರುತ್ತದೆ. ಕ್ಲಾಸಿನ ಹೆಸರಲ್ಲ, ಫೈಲಿನ ಹೆಸರು ಬರೆಯಬೇಕು. ಅದು ಸರಿ ಇದ್ದರೆ ಬಿಲ್ಡ್.ಯಾಮ್ಲ್‌ನ ಜನರೇಟ್_ಫಾರ್ ಪಟ್ಟಿಯಿಂದ ಆ ಫೋಲ್ಡರ್ ಹೊರಗಿದೆಯಾ ನೋಡಿ.

ಹಳೆಯ ಫಲಿತಾಂಶವೇ ಬರುತ್ತಿದೆ ಅನ್ನಿಸಿದರೆ ಡಾರ್ಟ್ ರನ್ ಬಿಲ್ಡ್_ರನ್ನರ್ ಕ್ಲೀನ್ ಮಾಡಿ ಮತ್ತೆ ಬಿಲ್ಡ್ ಮಾಡಿ. ದಿನಾ ಇದನ್ನೇ ಮಾಡಬೇಡಿ. ಕ್ಯಾಶ್ ಹೋದರೆ ಮುಂದಿನ ಬಿಲ್ಡ್ ಮೊದಲಿನಿಂದ ಶುರುವಾಗುತ್ತದೆ.

ಕೊನೆಗೆ ಅನಾಥ ಫೈಲುಗಳು. ಆರ್ಡರ್.ಡಾರ್ಟ್ ಹೆಸರನ್ನು ಪರ್ಚೇಸ್.ಡಾರ್ಟ್ ಅಂತ ಬದಲಿಸಿದಿರಿ. ಸಾಮಾನ್ಯವಾಗಿ ಬಿಲ್ಡ್_ರನ್ನರ್ ತಾನು ಹಿಂದೆ ಬರೆದದ್ದನ್ನು ನೆನಪಿಟ್ಟುಕೊಂಡು ಆರ್ಡರ್.ಜಿ.ಡಾರ್ಟ್ ಅಳಿಸುತ್ತದೆ. ಆ ನೆನಪು ಇರುವುದು .ಡಾರ್ಟ್_ಟೂಲ್‌ನಲ್ಲಿ. ನಡುವೆ ಯಾರಾದರೂ ಫ್ಲಟರ್ ಕ್ಲೀನ್ ಮಾಡಿದ್ದರೆ ನೆನಪು ಅಳಿಸಿಹೋಗಿರುತ್ತದೆ. ಆಗ ಆರ್ಡರ್.ಜಿ.ಡಾರ್ಟ್ ತಾಯಿಯಿಲ್ಲದೆ ಅಲ್ಲೇ ಬಿದ್ದಿರುತ್ತದೆ. ಸಿಐ ಕಾವಲುಗಾರನಿಗೂ ಇದು ಕಾಣುವುದಿಲ್ಲ, ಯಾಕೆಂದರೆ ಏನೂ ಬದಲಾಗಿಲ್ಲವಲ್ಲ. ಇಂಥವನ್ನು ಹಿಡಿಯಲು ನಾನು ಆಗೊಮ್ಮೆ ಈಗೊಮ್ಮೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹುಟ್ಟಿಸುತ್ತೇನೆ:

```
ಫೈಂಡ್ ಲಿಬ್ ಟೆಸ್ಟ್ -ನೇಮ್ "*.ಜಿ.ಡಾರ್ಟ್" -ಡಿಲೀಟ್
ಡಾರ್ಟ್ ರನ್ ಬಿಲ್ಡ್_ರನ್ನರ್ ಬಿಲ್ಡ್
ಗಿಟ್ ಸ್ಟೇಟಸ್
```

ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಇದು ಹೀಗೇ ಓಡುತ್ತದೆ. ವಿಂಡೋಸ್‌ನವರು ಗಿಟ್ ಬ್ಯಾಶ್ ತೆರೆದು ಓಡಿಸಿ. ಮೊದಲ ಸಾಲು ಓಡಿಸುವ ಮುಂಚೆ, ಪಿಜನ್ ತರಹ ಬಿಲ್ಡ್_ರನ್ನರ್‌ಗೆ ಸೇರದ ಟೂಲ್ ಯಾವುದಾದರೂ .ಜಿ.ಡಾರ್ಟ್ ಹೆಸರಲ್ಲೇ ಬರೆದಿದೆಯಾ ನೋಡಿಕೊಳ್ಳಿ. ಅದನ್ನು ಬಿಲ್ಡ್_ರನ್ನರ್ ವಾಪಸ್ ತರುವುದಿಲ್ಲ, ಆ ಟೂಲನ್ನೇ ಓಡಿಸಬೇಕು. ಇಷ್ಟಾದ ಮೇಲೂ ಗಿಟ್ ಸ್ಟೇಟಸ್‌ನಲ್ಲಿ ಡಿಲೀಟೆಡ್ ಅಂತ ಉಳಿದದ್ದೆಲ್ಲ ಅನಾಥ. ಮೊದಲ ಸಲ ಇದನ್ನು ಒಂದು ಹಳೆಯ ಪ್ರಾಜೆಕ್ಟಿನಲ್ಲಿ ಓಡಿಸಿದಾಗ 12 ಸಿಕ್ಕವು. ಅದರಲ್ಲೊಂದನ್ನು ಯಾರೋ ಕೈಯಿಂದ ತಿದ್ದಿ, ಮೇಲೆ ಒಂದು ಕಾಮೆಂಟ್ ಬೇರೆ ಬರೆದಿದ್ದರು. ಗಿಟ್ ಬ್ಲೇಮ್ ಮಾಡಿದೆ. ನಾನೇ.